ಹಾಲವ್ವನ ಬೀಜ

ನಾನು ಈ ಊರಿಗೆ ಸೊಸೆಯಾಗಿ ಬಂದದ್ದು ಮೆಣಸಿನ ಬೀಜ ಮೊಳಕೆಗೆ ಇಡುವ ದಿನಗಳಲ್ಲಿ. ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು ಇತ್ತು, ಆರತಿ ಇತ್ತು, ಓಣಿಯ ಹೆಂಗಸರೆಲ್ಲ ನೆರೆದಿದ್ದರು. ಆದರೆ ಯಾರೂ ಹಾಡು ಹೇಳಲಿಲ್ಲ. ಅತ್ತೆ ನಿಂಬೆವ್ವ ನನ್ನ ತುಟಿಯ ಮೇಲೆ ಬೆರಳಿಟ್ಟು, ಆ ಬೆರಳು ತೆಗೆಯದೆ ಹಾಗೇ ಒಳಗೆ ಕರೆದುಕೊಂಡಳು. ಗಂಡನ ಹೆಸರು ಹೇಳಿಸುವ ಆಟವೂ ಆಗಲಿಲ್ಲ. ನಾನು ಹೊಳೆಯಾಚೆಯ ಊರವಳು. ನಮ್ಮಲ್ಲಿ ಮೆಣಸಿನ ಬೀಜವನ್ನು ಮಡಿಯಲ್ಲಿ ಚೆಲ್ಲಿ, ಮೇಲೊಂದಿಷ್ಟು ಗೊಬ್ಬರ ಉದುರಿಸಿ, ಹರಟೆ ಹೊಡೆಯುತ್ತ ಮನೆಗೆ ಬರುತ್ತಾರೆ. ಇವರಿಗೆಲ್ಲ ಹುಚ್ಚು ಹಿಡಿದಿದೆ ಎಂದುಕೊಂಡೆ. ಬರಬರುತ್ತ ನನಗೂ ರೂಢಿಯಾಯಿತು. ಸೊಸೆಯಾಗಿ ಬಂದವಳಿಗೆ ರೂಢಿಯಾಗದ್ದು ಯಾವುದಿದೆ ಹೇಳಿ.

ಈ ಊರಿನ ಮೆಣಸಿನ ಬೀಜ ಹೊಲದಲ್ಲಿ ಮೊಳೆಯುವುದಿಲ್ಲ. ಮನೆಯೊಳಗೇ ಮೊಳೆಯಬೇಕು, ಅದೂ ಮನುಷ್ಯರ ಧ್ವನಿ ಬೀಳದ ಮನೆಯಲ್ಲಿ. ಗಿಡದಲ್ಲೇ ಹಣ್ಣಾಗಿ ಒಣಗಿದ ಕಾಯಿ ಆರಿಸಿ, ಕೈಯಿಂದ ಬೀಜ ಬಿಡಿಸಿ, ಉಗುರುಬೆಚ್ಚಗಿನ ನೀರಿನಲ್ಲಿ ನೆನೆಹಾಕುತ್ತಾರೆ. ತೇಲಿದ್ದನ್ನು ಚೆಲ್ಲಿ, ಮುಳುಗಿದ್ದನ್ನು ಹಳೆಯ ಸೀರೆಯ ತುಂಡಿನಲ್ಲಿ ಹರವಿ, ಮಡಿಸಿ, ಮೊರದಲ್ಲಿಟ್ಟು ಒಲೆಯ ಹಿಂದಿನ ಗೂಡಿನಲ್ಲಿ ಇಡುತ್ತಾರೆ. ಬಟ್ಟೆ ಒಣಗಬಾರದು, ನೀರೂ ನಿಲ್ಲಬಾರದು. ಒಲೆ ಆರಿದರೆ ಬೀಜ ಮಲಗಿಬಿಡುತ್ತದೆ, ಹೆಚ್ಚು ಉರಿದರೆ ಬೇಯುತ್ತದೆ. ಇಷ್ಟನ್ನು ಯಾವ ಊರಿನವರು ಬೇಕಾದರೂ ಮಾಡಬಹುದು. ನಮ್ಮೂರಿನವರು ಇದರ ಜೊತೆಗೆ ತಮ್ಮ ಬಾಯಿಗೂ ಬೀಗ ಹಾಕಿಕೊಳ್ಳುತ್ತಾರೆ. ಬೀಜ ಒಡೆದು ಬಿಳಿ ಬೇರು ತೋರಿಸುವ ತನಕ ಮನೆಯೊಳಗೆ ಯಾರೂ ಮಾತಾಡಕೂಡದು, ನಗಕೂಡದು, ಅಳಕೂಡದು. ಪಾತ್ರೆ ಬಿದ್ದರೆ ಅಡ್ಡಿಯಿಲ್ಲ, ಆಡು ಅರಚಿದರೂ ಅಡ್ಡಿಯಿಲ್ಲ. ಕೆಮ್ಮು, ಸೀನು ಮಾಫಿ. ಮನುಷ್ಯರ ಧ್ವನಿ ಬಿದ್ದರೆ ಮಾತ್ರ ಬೀಜ ಕಪ್ಪಾಗಿ ಕೊಳೆಯುತ್ತದೆ ಎನ್ನುತ್ತಾರೆ. ನಾನಂತೂ ಹಾಗೆ ಕೊಳೆತದ್ದನ್ನು ಕಣ್ಣಾರೆ ಕಂಡಿರಲಿಲ್ಲ, ಏಕೆಂದರೆ ಯಾರೂ ಮಾತಾಡುವ ಧೈರ್ಯ ಮಾಡಿರಲಿಲ್ಲ.

ಹಾಗಾಗಿ ಆ ದಿನಗಳಲ್ಲಿ ಊರಿಗೆ ಊರೇ ಕಟ್ಟೆಯ ಮೇಲೆ ಬಾಳ್ವೆ ಮಾಡುತ್ತದೆ. ಒಳಗೆ ಕೈಸನ್ನೆ, ಹೊರಗೆ ಬಾಯಿ. ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದು ಹೇಳಲು ಗಂಡಸರು ಗಂಗಾಳ ಹಿಡಿದುಕೊಂಡು ಬೀದಿಗೆ ಬರುತ್ತಾರೆ. ಗಂಡ ಹೆಂಡಿರ ಜಗಳವೂ ಬೀದಿಯಲ್ಲೇ. ಎದುರುಮನೆಯ ಚಂದ್ರವ್ವ ಒಳಗೆ ಕಣ್ಣು ಕೆಂಪು ಮಾಡಿಕೊಂಡು ಕೂತಿದ್ದು, ಎದ್ದು ಹೊರಗೆ ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ ಶುರು ಮಾಡುತ್ತಿದ್ದಳು. ನಡುವೆ ನೀರು ಕುಡಿಯಲು ಒಳಗೆ ಹೋದರೆ ಅವಳ ಗಂಡ ಕಾಯುತ್ತ ನಿಂತಿರುತ್ತಿದ್ದ. ಅವಳು ಬಾಯಿ ಒರೆಸಿಕೊಂಡು ಬಂದು ಬಿಟ್ಟಲ್ಲಿಂದ ಮುಂದುವರಿಸುತ್ತಿದ್ದಳು. ಬೀಜ ಇಟ್ಟ ಗುರುತಿಗೆ ಚಿಲಕಕ್ಕೆ ಕೆಂಪು ಬಟ್ಟೆ ಕಟ್ಟಿದ ಮನೆಯ ಬಾಗಿಲಿಗೆ ಬಂದರೆ ಬಳೆಗಾರನೂ ಕೂಗುವುದಿಲ್ಲ, ಬಳೆಯ ಸರವನ್ನಷ್ಟೇ ಅಲುಗಿಸುತ್ತಾನೆ. ಯಾರ ಮನೆಯ ಗುಟ್ಟೂ ಆ ದಿನಗಳಲ್ಲಿ ಗುಟ್ಟಾಗಿ ಉಳಿಯುವುದಿಲ್ಲ. ಮೊದಮೊದಲು ನನಗೆ ಇದೆಲ್ಲ ಮಜವಾಗಿಯೇ ಕಂಡಿತು. ಸುಳ್ಳು ಯಾಕೆ ಹೇಳಲಿ.

ಹಸುಗೂಸಿರುವ ಮನೆಯಲ್ಲಿ ಆ ವರ್ಷ ಬೀಜ ಇಡುವುದಿಲ್ಲ. ಅವರ ಬೀಜವನ್ನು ಬೇರೆಯವರು ತಮ್ಮ ಮೊರದಲ್ಲಿ ಇಟ್ಟುಕೊಡುತ್ತಾರೆ. ಕೂಸಿಗೆ ಸುಮ್ಮನಿರು ಎಂದು ಹೇಳಲಾಗದು ಎಂಬಷ್ಟು ಬುದ್ಧಿ ಈ ಊರಿಗೆ ಇದೆ. ಕೂಸು ಹಡೆಯುವವಳಿಗೆ ಹೇಳಬಹುದು ಎಂಬುದೂ ಇದೇ ಊರಿನ ಬುದ್ಧಿ.

ಹಾಲವ್ವ ನನ್ನ ಗಂಡ ಅಡಿವೆಪ್ಪನ ತಂಗಿ. ನನಗೆ ಕೈಸನ್ನೆಗಳನ್ನೆಲ್ಲ ಕಲಿಸಿದವಳು ಅವಳು. ಅನ್ನ, ನೀರು, ಅತ್ತೆ ಬಂದಳು, ಅತ್ತೆ ಸಿಟ್ಟಾಗಿದ್ದಾಳೆ, ಹೀಗೆ. ಅತ್ತೆಯ ಸನ್ನೆ ಎಂದರೆ ಮೂಗನ್ನು ಎರಡು ಬೆರಳಿನಿಂದ ಹಿಡಿದು ಎಳೆಯುವುದು. ಒಳಗೆ ನಗು ಬಂದರೆ ಹಾಲವ್ವ ಸೆರಗು ಬಾಯಿಗೆ ತುರುಕಿಕೊಂಡು ಓಡಿಹೋಗಿ, ಬೀದಿಯ ನಡುವೆ ನಿಂತು ಹೊಟ್ಟೆ ಹಿಡಿದು ನಕ್ಕು, ಏನೂ ಆಗದವಳಂತೆ ತಿರುಗಿ ಬರುತ್ತಿದ್ದಳು. ಆ ಮನೆಯಲ್ಲಿ ನನಗೆ ಇದ್ದ ಜೀವ ಅದೊಂದೇ. ಮದುವೆಯಾಗಿ ಹೋದವಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಬೀಜ ಒಡೆದ ಮೇಲೆಯೇ ಹೆರಿಗೆ ಎಂದು ಅತ್ತೆ ಲೆಕ್ಕ ಹಾಕಿಕೊಂಡಿದ್ದಳು, ಅದಕ್ಕೇ ಆ ವರ್ಷವೂ ಮೊರ ಇಟ್ಟಳು. ಹೊಟ್ಟೆಯೊಳಗಿನ ಕೂಸಿಗೆ ಅದನ್ನು ಯಾರೂ ಹೇಳಿರಲಿಲ್ಲ.

ಅಂದು ಮಧ್ಯಾಹ್ನ ನಾವೆಲ್ಲ ಕಟ್ಟೆಯ ಮೇಲೆ ಕೂತು ಹರಟುತ್ತಿದ್ದೆವು. ಹಾಲವ್ವ ಒಳಗೆ ಮಲಗಿದ್ದಾಳೆ ಎಂದುಕೊಂಡಿದ್ದೆವು. ನಾನು ಎಲೆಯಡಿಕೆಯ ಡಬ್ಬಿ ತರಲು ಒಳಗೆ ಹೋದೆ. ಅವಳು ಅಡುಗೆಮನೆಯಲ್ಲಿ ಗೋಡೆಗೆ ಬೆನ್ನುಕೊಟ್ಟು ಕುಳಿತಿದ್ದಳು, ಬೀಜದ ಗೂಡಿನ ಕೆಳಗೇ. ಬಾಯಲ್ಲಿ ಸೆರಗು. ಆ ಸೆರಗನ್ನು ಎಷ್ಟು ಬಲವಾಗಿ ಕಚ್ಚಿದ್ದಳೆಂದರೆ ತುಟಿ ಹರಿದಿತ್ತು. ಕೆಳಗೆ ನೆಲವೆಲ್ಲ ರಕ್ತ. ನೋವು ಶುರುವಾಗಿ ಎಷ್ಟು ಹೊತ್ತಾಗಿತ್ತೋ ದೇವರೇ ಬಲ್ಲ. ನಾವು ಗೋಡೆಯಾಚೆಗೇ ಇದ್ದೆವು. ಒಂದು ಸಲ, ಒಂದೇ ಒಂದು ಸಲ ಅವ್ವಾ ಎಂದಿದ್ದರೆ ಸಾಕಿತ್ತು. ನಾನು ಓಡಿಹೋಗಿ ಸೂಲಗಿತ್ತಿ ದುರಗವ್ವನನ್ನು ಕರೆತಂದೆ. ಅತ್ತೆ ಬಂದು ಮಗಳ ತಲೆ ಹಿಡಿದುಕೊಂಡು ಕೂತಳು. ಮೂವರು ಹೆಂಗಸರು ಒಬ್ಬಳ ಹೆರಿಗೆಯನ್ನು ಬರೀ ಸನ್ನೆಯಲ್ಲಿ ಮಾಡಿಸಿದೆವು.

ಹೆಣ್ಣು ಕೂಸು ಹುಟ್ಟಿತು. ಹುಟ್ಟಿದ ಕೂಡಲೇ ಅತ್ತಿತು. ಸಣ್ಣಗೆ ಕುಂಯ್ ಎಂದದ್ದಲ್ಲ, ಮನೆಯ ಜಂತೆ ಹಾರಿಹೋಗುವಂತೆ ಅತ್ತಿತು. ನನ್ನ ಕೈಯಲ್ಲೇ ಇತ್ತು, ನನ್ನ ಕಿವಿಯ ಹತ್ತಿರವೇ. ನಾನು ಕೂಸನ್ನು ಹಾಲವ್ವನ ಪಕ್ಕಕ್ಕೆ ತಂದೆ, ಮಗಳ ಮುಖ ನೋಡಲಿ ಎಂದು. ಅವಳು ಕಣ್ಣು ತೆರೆದಳು. ಮುಖ ನೋಡಲಿಲ್ಲ. ಮೇಲಿನ ಗೂಡನ್ನು ನೋಡಿದಳು. ಆಮೇಲೆ ಇದ್ದಬದ್ದ ಶಕ್ತಿಯನ್ನೆಲ್ಲ ಕೂಡಿಸಿ ಕೈ ಎತ್ತಿ, ಅಂಗೈಯಿಂದ ಕೂಸಿನ ಬಾಯಿ ಮುಚ್ಚಿದಳು. ನಾನು ಆ ಕೈಯನ್ನು ಕಿತ್ತು ತೆಗೆದೆ. ತೆಗೆದಾಗ ಬಿಸಿಯಾಗಿತ್ತು. ಅವಳು ಬದುಕಿ ಮಾಡಿದ ಕೊನೆಯ ಕೆಲಸ ಅದು.

ಕೂಸನ್ನು ಅಂದೇ ಹಾಲು ಕುಡಿಸುವವಳೊಬ್ಬಳ ಮನೆಗೆ ಒಯ್ದಿದ್ದರು. ಮಣ್ಣು ಮಾಡಿ ಬಂದ ಎರಡು ಮೂರು ದಿನಕ್ಕೆ ಬೀಜ ಒಡೆದವು. ಒಂದೂ ಬಿಡದೆ ಒಡೆದವು. ಅತ್ತೆ ಮೊರವನ್ನು ಕಟ್ಟೆಯ ಮೇಲೆ ತಂದು ಮಡಿಲಲ್ಲಿಟ್ಟುಕೊಂಡು ಕೂತಳು. ಅಲ್ಲಿಯವರೆಗೆ ಅವಳ ಕಣ್ಣಲ್ಲಿ ಒಂದು ಹನಿ ನೀರು ಬಂದಿರಲಿಲ್ಲ. ಬಟ್ಟೆ ಸರಿಸಿ ಆ ಬಿಳಿ ಬೇರುಗಳನ್ನು ನೋಡುತ್ತ ನೋಡುತ್ತ ಗಟ್ಟಿಯಾಗಿ ಅತ್ತಳು. ಓಣಿಯೆಲ್ಲ ಕೂಡಿತು.

"ಎಂಥಾ ಮಗಳ್ನ ಹಡದಿದ್ದೆವ್ವಾ ನಿಂಬೆವ್ವಾ," ಅಂದಳು ಚಂದ್ರವ್ವ. "ಜೀವಾ ಹೋದ್ರೂ ಒಂದ್ ಉಸುರು ಹೊರಗ ಬಿಡ್ಲಿಲ್ಲ. ಕೂಸರ ಅತ್ತತೇನು?"

"ಇಲ್ಲ," ಅಂದಳು ಅತ್ತೆ.

ನನಗೆ ತಡೆಯಲಾಗಲಿಲ್ಲ. "ಅತ್ತತಲ್ರೀ ಅತ್ತೀ. ನನ್ನ ಕೈಯಾಗ ಇತ್ತು ಕೂಸು. ಓಣಿಗೆಲ್ಲ ಕೇಳಂಗ ಅತ್ತತಿ."

"ಅತ್ತಿದ್ರ ಬೀಜ ಹೆಂಗ ಒಡೀತಿದ್ವು?" ಅತ್ತೆ ನನ್ನ ಕಡೆ ತಿರುಗಿಯೂ ನೋಡಲಿಲ್ಲ. "ನೀ ಹೊಳಿ ಆಚೀಕಿ. ನಿನಗ ತಿಳಿಯಾಂಗಿಲ್ಲ. ಕೂಸೂ ಅಳ್ಲಿಲ್ಲ, ಹಡದಾಕೀನೂ ಅಳ್ಲಿಲ್ಲ."

ನಾನು ದುರಗವ್ವನ ಮುಖ ನೋಡಿದೆ. ದುರಗವ್ವ ತನ್ನ ಕಾಲ ಬೆರಳು ನೋಡಿಕೊಂಡಳು. ಅವಳೂ ಇದೇ ಊರಿನವಳು, ಇಲ್ಲೇ ತಿನ್ನಬೇಕು. ಓಣಿಯವರಲ್ಲಿ ಕೆಲವರಾದರೂ ಆ ಅಳುವನ್ನು ಕೇಳಿರಲೇಬೇಕು, ಕಟ್ಟೆಯ ಮೇಲೇ ಇದ್ದರಲ್ಲ. ಯಾರೂ ಪಿಟಕ್ಕೆನ್ನಲಿಲ್ಲ. ಒಳಗೆ ಹೋಗಿ ನನ್ನ ಗಂಡನಿಗೆ ಹೇಳಿದೆ. ಬೀಜ ಒಡೆದಿದ್ದವಲ್ಲ, ಈಗ ಒಳಗೂ ಮಾತಾಡಬಹುದಿತ್ತು. ಅವನು, "ಅವ್ವ ಮಗಳ್ನ ಕಳಕೊಂಡಾಳ. ಇದೊಂದರ ಇರ್ಲಿ ಬಿಡು ಆಕೀಗೆ," ಅಂದ.

ಅಂದಿನಿಂದ ನಮ್ಮ ಮನೆಯ ಬೀಜ ಹಾಲವ್ವನ ಬೀಜವಾಯಿತು. ಕೊಯ್ಲು ಮುಗಿದ ಮೇಲೆ ಮಂದಿ ಮಡಿಲು ಒಡ್ಡಿಕೊಂಡು ಬರುತ್ತಿದ್ದರು, ನಾಲ್ಕು ಕಾಳು ಕೊಡವ್ವ, ನಮ್ಮ ಬೀಜದಲ್ಲಿ ಬೆರೆಸುತ್ತೇವೆ ಎಂದು. ತಮ್ಮ ಮನೆಯಲ್ಲಿ ಇಡಲು ಭಯವಾದವರು ತಮ್ಮ ಬೀಜವನ್ನೂ ನಮ್ಮ ಗೂಡಿಗೇ ತಂದುಕೊಟ್ಟರು. ನಮ್ಮ ಮನೆಗೆ ಮರ್ಯಾದೆ ಬಂತು. ನನ್ನನ್ನೂ ಯಾರೂ ಹೊಳೆಯಾಚೆಯವಳು ಎನ್ನದಾದರು, ಹಾಲವ್ವನ ಅತ್ತಿಗೆ ಎಂದರು. ಅದರ ಜೊತೆಗೆ ಇನ್ನೊಂದೂ ಶುರುವಾಯಿತು. ಒಲೆಯ ಕೆಂಡ ಕಾಲ ಮೇಲೆ ಬಿದ್ದು ಕಿರುಚಿದ ಹುಡುಗಿಯನ್ನು ತಾಯಿ ಬೀದಿಗೆ ಎಳೆದು ತಂದು, "ಹಾಲವ್ವನ ನೋಡಿ ಕಲಿ," ಎಂದು ಬೆನ್ನಿಗೆ ಗುದ್ದುವಳು. ಹಲ್ಲುನೋವಿಗೆ ನರಳಿದ ಸೊಸೆಗೂ ಅದೇ ಮಾತು. ಬೀಜ ಇಡುವ ದಿನಗಳಲ್ಲಷ್ಟೇ ಇದ್ದ ಮೌನ ಹೆಣ್ಣುಮಕ್ಕಳ ಪಾಲಿಗೆ ವರ್ಷವಿಡೀ ಆಯಿತು. ಬೀದಿಯಲ್ಲಿ ನಿಂತು ನಗುತ್ತಿದ್ದ ಹಾಲವ್ವನ ಹೆಸರಿನಲ್ಲಿ ಊರಿನ ಹುಡುಗಿಯರ ನಗು ನಿಂತಿತು. 

ಹಾಲವ್ವನ ಗಂಡ ಬೇರೆ ಮದುವೆಯಾದ. ಕೂಸು ನಮ್ಮಲ್ಲೇ ಉಳಿಯಿತು. ಊರವರೇ ಅದಕ್ಕೆ ಮೋನವ್ವ ಎಂದು ಹೆಸರಿಟ್ಟರು, ಅಳದೆ ಹುಟ್ಟಿದವಳು ಎಂದು. ನನಗೆ ಮಕ್ಕಳಾಗಲಿಲ್ಲ. ಮೋನವ್ವ ನನ್ನನ್ನೇ ಅವ್ವ ಎಂದಳು. ನನ್ನ ಹೊಟ್ಟೆಯಲ್ಲಿ ಹುಟ್ಟಿದ್ದರೂ ಅವಳನ್ನು ಅದಕ್ಕಿಂತ ಹೆಚ್ಚು ಹಚ್ಚಿಕೊಳ್ಳಲು ನನ್ನಿಂದ ಆಗುತ್ತಿರಲಿಲ್ಲ. ಆದರೆ ಆ ಹೆಸರು ಅವಳ ತಲೆಗೆ ಏರಿತ್ತು. ಕುದಿಯುವ ಎಣ್ಣೆ ಮೊಳಕೈಗೆ ಸಿಡಿದಾಗ ಹಲ್ಲು ಕಚ್ಚಿ ನಿಂತಳು. ಗಾಯ ಕೊಳೆತು ಜ್ವರ ಬಂದ ಮೇಲೆಯೇ ನನಗೆ ಗೊತ್ತಾದದ್ದು. ಅಜ್ಜಿ ಹೆಮ್ಮೆಯಿಂದ ಆ ಗಾಯವನ್ನು ಓಣಿಗೆಲ್ಲ ತೋರಿಸಿದಳು. ಒಂದು ದಿನ ತಲೆ ಬಾಚುತ್ತ ನಾನು ಹೇಳಿದೆ, "ಮೋನಾ, ನೀ ಹುಟ್ಟಿದಾಗ ಅತ್ತಿದ್ದಿ. ಎಲ್ಲಾ ಕೂಸಿನಂಗ ಅತ್ತಿದ್ದಿ. ಅಳೂದು ತಪ್ಪಲ್ಲ." ಹುಡುಗಿ ಬಾಚಣಿಗೆ ಕಿತ್ತುಕೊಂಡು ಎದ್ದುಹೋಯಿತು. ಅಜ್ಜಿಯನ್ನು ಕೇಳಿತು. ಅಜ್ಜಿ ಏನು ಹೇಳಿದಳೋ, ಅದಾದ ಮೇಲೆ ಕೆಲವು ದಿನ ಮೋನವ್ವ ನನ್ನ ಕೈಯ ಅನ್ನ ಮುಟ್ಟಲಿಲ್ಲ. ಇನ್ನು ಆ ಕೈಯ ಮಾತನ್ನು, ಅವಳ ಬಾಯಿ ಮುಚ್ಚಿದ ಹಾಲವ್ವನ ಕೈಯ ಮಾತನ್ನು, ನಾನು ಹೇಗೆ ಹೇಳಲಿ. ಹೊಟ್ಟೆಯಲ್ಲೇ ಇಟ್ಟುಕೊಂಡೆ.

ಮೋನವ್ವನಿಗೆ ಊರೊಳಗೇ ಮದುವೆಯಾಯಿತು. ಅವಳೂ ಬಸುರಿಯಾದಳು. ಅವಳೂ ಹೆರಿಗೆಗೆ ನಮ್ಮ ಮನೆಗೇ ಬಂದಳು, ಬೀಜ ಇಡುವ ದಿನಗಳ ಅಂಚಿನಲ್ಲೇ. ಹೊಟ್ಟೆ ಆಗಲೇ ಕೆಳಗಿಳಿದಿತ್ತು.  ಅಂದೇ ಅತ್ತೆಯನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ಹೇಳಿದೆ.

"ಈ ವರ್ಷ ಮೊರ ಬ್ಯಾಡ್ರಿ ಅತ್ತಿ. ನಿಮ್ಮ ಕಾಲಿಗೆ ಬೀಳ್ತೇನಿ."

"ಹಾಲವ್ವನ ಮನ್ಯಾಗ ಬೀಜ ಇಡಾಂಗಿಲ್ಲ ಅಂದ್ರ ಊರಾಗ ಮತ್ಯಾರ ಮನ್ಯಾಗ ಇಡ್ತಾರ? ಅರ್ಧಾ ಊರಿನ ಬೀಜ ನಮ್ಮ ಗೂಡಿನಾಗ ಇರತಾವು."

"ಹಂಗಾದ್ರ ಹುಡುಗೀನ ನನ್ನ ತವರಿಗೆ ಕರಕೊಂಡು ಹೋಗ್ತೇನಿ. ಅಲ್ಲಿ ಹಡೀಲಿ."

ಆಗ ಒಳಗಿನಿಂದ ಮೋನವ್ವನೇ ಬಂದಳು. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಬಾಗಿಲಲ್ಲಿ ನಿಂತು, "ನಾ ಎಲ್ಲಿಗೂ ಹೋಗಾಂಗಿಲ್ಲವ್ವಾ," ಅಂದಳು. "ನನ್ನ ಹಡದಾಕಿ ಮಾಡಿದ್ದು ನನಗ ಆಗಾಂಗಿಲ್ಲೇನು? ನನಗ್ಯಾಕ ಹೆಸರಿಟ್ಟಾರ ಮತ್ತ?" ಅತ್ತೆ ಮೊಮ್ಮಗಳ ಗದ್ದ ಮುಟ್ಟಿ ನೆಟಿಗೆ ತೆಗೆದಳು. ನಾನು ಇಬ್ಬರ ಮುಖವನ್ನೂ ನೋಡಿದೆ. ಒಂದು ಹೆಣ ಹೊತ್ತದ್ದು ಸಾಲದಾಗಿತ್ತು ಈ ಮನೆಗೆ. ಕೆಂಪು ಬಟ್ಟೆ ಚಿಲಕಕ್ಕೆ ಏರಿತು, ಮೊರ ಗೂಡಿಗೆ ಏರಿತು.

ನಾನು ಕಟ್ಟೆಗೆ ಹೋಗುವುದನ್ನೇ ಬಿಟ್ಟೆ. ಹಗಲೂ ರಾತ್ರಿ ಅವಳ ಬೆನ್ನಿಗೇ ಇದ್ದೆ, ಮೂಕಿಯ ಹಾಗೆ. ಪ್ರತಿ ಬೆಳಿಗ್ಗೆ ಅತ್ತೆ ಗೂಡಿಗೆ ಬಂದು, ಬಟ್ಟೆಯ ಅಂಚೆತ್ತಿ ನೋಡಿ, ಬೆಚ್ಚನೆಯ ನೀರು ಚಿಮುಕಿಸಿ, ನಮ್ಮ ಕಡೆ ತಿರುಗಿ ಮುಷ್ಟಿ ಬಿಗಿದು ತೋರಿಸುವಳು. ಇನ್ನೂ ಒಡೆದಿಲ್ಲ ಎಂದು. ಅಂದೂ ಬೆಳಿಗ್ಗೆ ಮುಷ್ಟಿಯನ್ನೇ ತೋರಿಸಿದಳು. ಅಂದು ಮಧ್ಯಾಹ್ನ ರೊಟ್ಟಿ ತಟ್ಟುತ್ತ ಕೂತಿದ್ದ ಮೋನವ್ವನ ಕೈ ನಿಂತಿತು. ಹಿಟ್ಟಿನ ಮೇಲೆ ಬೆರಳುಗಳನ್ನು ಊರಿ ಹಾಗೇ ಕೂತಳು. ನಾನು ಸನ್ನೆಯಲ್ಲಿ ಕೇಳಿದಾಗ ಏನಿಲ್ಲ ಎಂದು ತಲೆ ಅಲ್ಲಾಡಿಸಿದಳು. ಅವಳ ಕೆಳಗಿನ ಮಣೆ ಒದ್ದೆಯಾಗಿತ್ತು.

ದುರಗವ್ವ ಬಂದಳು. ಮುದುಕಿಯಾಗಿದ್ದಳು, ಆದರೂ ಕೈ ಗಟ್ಟಿ ಇತ್ತು. ಹೊರಗೆ ಸಾಗಿಸೋಣ ಎಂದು ನಾನು ಸನ್ನೆ ಮಾಡಿದೆ, ಇನ್ನು ಆಗದು ಎಂದು ಅವಳು ಸನ್ನೆ ಮಾಡಿದಳು. ಮತ್ತೆ ಅದೇ ಅಡುಗೆಮನೆ, ಅದೇ ಗೂಡಿನ ಕೆಳಗೆ. ಅತ್ತೆ ಮೊಮ್ಮಗಳ ತಲೆ ಹಿಡಿದುಕೊಂಡು ಕೂತು, ತನ್ನ ಸೆರಗನ್ನು ತಾನೇ ಸುರುಳಿ ಸುತ್ತಿ ಅವಳ ಬಾಯಿಗೆ ಇಟ್ಟಳು. ಹೊತ್ತು ಹೋಯಿತು. ಕೂಸು ಕೆಳಗೆ ಬಂದು ಸಿಕ್ಕಿಕೊಂಡಿತ್ತು. ನೋವು ಬಂದಾಗಲೆಲ್ಲ ಮೋನವ್ವ ಉಸಿರು ಕಟ್ಟಿ, ಕುತ್ತಿಗೆಯ ನರ ಉಬ್ಬಿಸಿ, ಧ್ವನಿಯನ್ನು ನುಂಗುವುದರಲ್ಲೇ ತನ್ನ ಶಕ್ತಿಯನ್ನೆಲ್ಲ ಖರ್ಚು ಮಾಡುತ್ತಿದ್ದಳು. ಕೂಸನ್ನು ಕೆಳಗೆ ನೂಕಲು ಏನೂ ಉಳಿಯುತ್ತಿರಲಿಲ್ಲ. ದುರಗವ್ವ ನನ್ನ ಕಡೆ ನೋಡಿ ತನ್ನ ಬಾಯನ್ನು ಅಗಲವಾಗಿ ತೆರೆದು, ಮುಚ್ಚಿ, ಕೈಚೆಲ್ಲಿದಳು. ಒದರಿದರೆ ಬರುತ್ತದೆ, ಹೀಗೆ ಬರುವುದಿಲ್ಲ. ಮೋನವ್ವನ ತುಟಿ ಹರಿಯಿತು. ಕಣ್ಣು ಮೇಲಕ್ಕೆ ತೇಲಿದವು, ಗೂಡಿನ ಕಡೆಗೆ. ಆ ನೋಟ ನನಗೆ ಗೊತ್ತಿತ್ತು.

ನಾನು ಸೆರಗಿನ ಸುರುಳಿಯನ್ನು ಅವಳ ಬಾಯಿಂದ ಕಿತ್ತು ಒಲೆಯ ಕಡೆ ಎಸೆದೆ.

"ಒದರು!" ಅಂದೆ.

ಆ ಮನೆಯಲ್ಲಿ ಬೀಜದ ದಿನಗಳಲ್ಲಿ ನಾನು ಆಡಿದ ಮೊದಲ ಮಾತು. ಅತ್ತೆ ನನ್ನ ಬಾಯಿ ಮುಚ್ಚಲು ಬಂದಳು, ನೂಕಿದೆ. ಮೋನವ್ವ ಬೇಡ ಬೇಡ ಎಂದು ತಲೆ ಅಲ್ಲಾಡಿಸಿದಳು.

"ಒದರಲೇ ಮೋನಾ! ಬೀಜದ ಮನಿ ಹಾಳಾಗಿ ಹೋಗ್ಲಿ. ನೀ ಅತ್ತಿದ್ದಿ. ಇದೇ ಜಾಗಾದಾಗ, ನನ್ನ ಕೈಯಾಗ ಅತ್ತಿದ್ದಿ. ಅತ್ತಿದ್ದಕ್ಕ ಉಳಿದಿ. ನಿನ್ನ ಹಡದಾಕಿ ಸುಮ್ಮನಿದ್ದು ಸತ್ಲು, ನೀ ಅತ್ತು ಉಳಿದಿ. ಬೇಕಾದ್ರ ಕೇಳು ಈಕೀನ!"

ಎಲ್ಲರೂ ದುರಗವ್ವನನ್ನು ನೋಡಿದೆವು.  ಇಷ್ಟು ವರ್ಷಕ್ಕೆ ಮುದುಕಿ, "ಹೌದವ್ವಾ," ಅಂದಳು. "ಅತ್ತಿದ್ದಿ. ದೇವರಾಣಿ ಅತ್ತಿದ್ದಿ. ಈಗ ಒದರು ನನ್ನವ್ವಾ, ಒದರು, ಒದರು!" ಒಮ್ಮೆ ಬಾಯಿ ತೆರೆದ ಮೇಲೆ ಅವಳಿಗೆ ನಿಲ್ಲಿಸಲು ಬರಲಿಲ್ಲ. ಇಷ್ಟು ಕಾಲ ಸನ್ನೆಯಲ್ಲಿ ಮಾಡಿಸಿದ ಹೆರಿಗೆಗಳ ಮಾತನ್ನೆಲ್ಲ ಅಂದೇ ಆಡಿ ಮುಗಿಸುವವಳ ಹಾಗೆ ಕೂಗಿದಳು.

ಮೋನವ್ವ ನನ್ನ ಮುಖವನ್ನೇ ನೋಡಿದಳು. ಮುಂದಿನ ನೋವು ಬಂತು. ಅವಳು ಕೂಗಿದ ಕೂಗಿಗೆ ಬೀದಿಯ ನಾಯಿಗಳು ಬೊಗಳಿದವು. ಅವ್ವಾ ಎಂದಳು, ನನ್ನ ಕೊರಳಿಗೆ ಜೋತುಬಿದ್ದು ಮತ್ತೆ ಮತ್ತೆ ಅವ್ವಾ ಎಂದಳು. ಕೂಸು ಬಂತು. ಅದೂ ಹೆಣ್ಣು. ಅದೂ ಅತ್ತಿತು. ಕೂಸನ್ನು ಮಗ್ಗುಲಿಗೆ ಇಟ್ಟಾಗ ಮೋನವ್ವ ಕೈ ಎತ್ತಿದಳು. ಆ ಕೈ ಕೂಸಿನ ಬಾಯಿಯ ಕಡೆಗೇ ಹೋಯಿತು. ಅವಳು ಬಾಯಿಯ ಅಂಚಿಗೆ ಅಂಟಿದ್ದ ಲೋಳೆಯನ್ನು ಬೆರಳಿನಿಂದ ಒರೆಸಿದಳು, ಅಷ್ಟೇ. ನಾನು ಗೋಡೆ ಹಿಡಿದು ಕೂತುಬಿಟ್ಟೆ.

ಹೊರಗೆ ಕಟ್ಟೆಯ ಮುಂದೆ ಮಂದಿ ತುಂಬಿದ್ದರು. ಕೂಗು ಕೇಳಿದ ಮೇಲೆ ಇನ್ನೇನು ಮುಚ್ಚಿಡುವುದಿದೆ. ಹುಡುಗಿ ಉಳಿದಳೇ ಎಂದು ಒಬ್ಬರೂ ಕೇಳಲಿಲ್ಲ. "ಅರ್ಧಾ ಊರಿನ ಬೀಜ ಕೊಂದೀದಿ," ಅಂದಳು ಚಂದ್ರವ್ವ. "ಹೊಳಿ ಆಚೀಕಿ ಹೊಳಿ ಆಚೀಕೀನ." ದುರಗವ್ವನನ್ನು ಕೇಳಿದರೆ, ತಾನು ಸನ್ನೆಯನ್ನಷ್ಟೇ ಮಾಡಿದ್ದು, ಮಾತಾಡಿದವಳು ಇವಳು ಎಂದು ನನ್ನ ಕಡೆ ಕೈ ತೋರಿಸಿದಳು. ಒಳಗೆ ಹೌದವ್ವಾ ಎಂದ ನಾಲಿಗೆಯೇ ಅದು. ನಾನು ಬೈಯಲಿಲ್ಲ. ಅವಳ ಆ ಒಂದು ಹೌದಿನ ಋಣ ನನ್ನ ಮೇಲಿತ್ತು. ನನ್ನ ಗಂಡ ಮಾತ್ರ ಎಲ್ಲರ ಮುಂದೆ ಮೊಮ್ಮಗಳನ್ನು ಎತ್ತಿಕೊಂಡು ಬಂದು ಕಟ್ಟೆಯ ಮೇಲೆ ಕೂತ.  ತಂಗಿಯೂ ಅಂದು ಹೀಗೆ ಕೂಗಿದ್ದರೆ ಎಂದು ಅವನಿಗೂ ಅನ್ನಿಸಿರಬೇಕು.

ಸತ್ತ ಬೀಜಕ್ಕೆ ಯಾರು ನೀರು ಚಿಮುಕಿಸುತ್ತಾರೆ? ಮೊರ ಗೂಡಿನಲ್ಲೇ ಬಿದ್ದಿತ್ತು. ಬಾಣಂತಿಗೆಂದು ಒಲೆ ಆರದೆ ಉರಿಯುತ್ತಿತ್ತು, ಹಂಡೆಯ ಆವಿ ಗೂಡಿಗೆ ಬಡಿಯುತ್ತಿತ್ತು, ಮನೆ ತುಂಬ ಕೂಸಿನ ಅಳು. ಎರಡು ಮೂರು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಮೊರ ಚೆಲ್ಲಿಬರುತ್ತೇನೆ ಎಂದು ಅತ್ತೆ ಅಡುಗೆಮನೆಗೆ ಬಂದಳು. ನಾನು ಕೂಸಿಗೆ ಎರೆಯುವ ನೀರಿಗೆ ಉರಿ ಹಾಕುತ್ತಿದ್ದೆ. ಅವಳು ಮೊರ ಇಳಿಸಿ ಬಟ್ಟೆ ಸರಿಸಿದಳು. ಸರಿಸಿದವಳು ಹಾಗೇ ನಿಂತಳು. ನಾನು ಎದ್ದು ಹೋಗಿ ನೋಡಿದೆ.

ಬಟ್ಟೆಯ ತುಂಬ ಬಿಳಿ ಬೇರು. ಒಂದೂ ಬಿಡದೆ ಒಡೆದಿದ್ದವು. ಕೆಲವು ಬೇರು ಬಟ್ಟೆಯ ನೂಲಿನೊಳಗೇ ಇಳಿದಿದ್ದವು. ಕೂಗು, ಬೈಗಳು, ಅಳು, ಎಲ್ಲವನ್ನೂ ಕೇಳಿಸಿಕೊಂಡು ಒಡೆದಿದ್ದವು.

ನನಗೆ ಗೆದ್ದ ಸಂತೋಷ ಆಗಬೇಕಿತ್ತು. ಆಗಲಿಲ್ಲ, ಏಕೆಂದರೆ ನಾನು ಅತ್ತೆಯ ಮುಖ ನೋಡಿದೆ. ಆ ಮುಖವನ್ನು ಇಷ್ಟು ವರ್ಷ ದ್ವೇಷಿಸಿದ್ದೆ. ಅವಳು ಒಂದು ಬೀಜವನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡು, ಅದನ್ನೇ ಕೇಳುವವಳಂತೆ ಮೆಲ್ಲಗೆ ಕೇಳಿದಳು, "ಹಂಗಾರ ನನ್ನ ಮಗಳು ಯಾಕ ಸತ್ಲು?"

ನನ್ನ ಹತ್ತಿರ ಉತ್ತರವಿತ್ತು. ಇಷ್ಟು ವರ್ಷ ಮಸೆದು ಇಟ್ಟುಕೊಂಡಿದ್ದ ಉತ್ತರ. ಸುಮ್ಮನೆ ಸತ್ತಳು ಅತ್ತಿ, ಯಾವುದಕ್ಕೂ ಅಲ್ಲದೆ ಸತ್ತಳು, ನೀವು ಗೋಡೆಯಾಚೆಗೆ ಕೂತು ಹರಟುತ್ತಿದ್ದಾಗ ಸತ್ತಳು. ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಮೊರವನ್ನು ನೆಲಕ್ಕಿಟ್ಟು, ಒಲೆಯ ಮೇಲೆ ಮರಳುತ್ತಿದ್ದ ನೀರಿನ ತಪೇಲಿಯನ್ನು ಬರಿಗೈಯಲ್ಲಿ ಎತ್ತಿ, ಬೀಜಗಳ ಮೇಲೆ ಸುರಿದಳು. ಕೊನೆಯ ಹನಿಯವರೆಗೂ ಸುರಿದಳು. ಅಂಗೈ ಬೆಂದು ಕೆಂಪಾಯಿತು. ಅವಳು ಒಂದು ಧ್ವನಿಯನ್ನೂ ಹೊರಡಿಸಲಿಲ್ಲ. ಮಗಳು ಕಲಿತದ್ದು ಯಾರಿಂದ ಎಂದು ನನಗೆ ಅಂದು ತಿಳಿಯಿತು.

"ಸತ್ತಾವು," ಅಂದಳು, ನನ್ನ ಕಣ್ಣಲ್ಲಿ ಕಣ್ಣಿಟ್ಟು. "ನೀ ಮಾತಾಡಿದಿ, ಬೀಜ ಸತ್ವು. ಹೌದಲ್ಲ ಕಸ್ತೂರಿ?"

ಆಜ್ಞೆ ಮಾಡುವ ಧ್ವನಿಯಲ್ಲ ಅದು. ಬೇಡುವ ಧ್ವನಿ. ಅವಳು ನನ್ನನ್ನು ಹೆಸರು ಹಿಡಿದು ಕರೆದದ್ದೂ ಅಪರೂಪ. ಅವಳ ಬೆಂದ ಕೈಗೆ ತಣ್ಣೀರು ಹಾಕಿದೆ. ನಾನೇ ಆ ಮೊರವನ್ನು ತಿಪ್ಪೆಗೆ ಚೆಲ್ಲಿ ಬಂದೆ, ಓಣಿಯೆಲ್ಲ ನೋಡುತ್ತಿರುವಾಗ.

ಆ ವರ್ಷ ಅರ್ಧ ಊರು ಸಂತೆಯಿಂದ ಖಾರ ತಂದಿತು. ನನಗೆ ಬೀಜ ಕೊಂದವಳು ಎಂಬ ಹೆಸರು ಬಂತು, ಇನ್ನೂ ಇದೆ. ಮರುವರ್ಷವೂ ಊರು ಬಾಯಿ ಹೊಲಿದುಕೊಂಡಿತು. ಹುಡುಗಿಯರಿಗೆ ಈಗ ಹಾಲವ್ವನ ಜೊತೆಗೆ ನನ್ನ ಕಥೆಯನ್ನೂ ಹೇಳುತ್ತಾರೆ, ಹೀಗಿರಬೇಕು, ಹೀಗಿರಬಾರದು ಎಂದು. ನಾನು ಆ ಬಿಳಿ ಬೇರುಗಳ ಮಾತು ಹೇಳಿದರೆ ಯಾರು ನಂಬುತ್ತಾರೆ? ಕೂಸು ಅತ್ತಿತು ಎಂದಾಗಲೇ ನಂಬದವರು. ಮೋನವ್ವನಿಗೊಬ್ಬಳಿಗೆ ಹೇಳಿದ್ದೇನೆ. ಅವಳು ಕೂಸಿಗೆ ಹಾಲು ಕುಡಿಸುತ್ತ ಕೇಳಿಸಿಕೊಂಡು, ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು, ಧ್ವನಿ ತೆಗೆದೇ ಅತ್ತಳು.

ನಮ್ಮ ಗೂಡಿಗೆ ಈಗ ಯಾರೂ ಬೀಜ ಕೊಡುವುದಿಲ್ಲ. ಚಿಲಕಕ್ಕೆ ಕೆಂಪು ಬಟ್ಟೆಯಿಲ್ಲ. ಹಸುಗೂಸಿರುವ ಮನೆ ಬಿಟ್ಟರೆ ಬೀಜದ ದಿನಗಳಲ್ಲಿ ಈ ಊರಿನಲ್ಲಿ ಒಳಗೆ ಮಾತಾಡಬಹುದಾದ ಮನೆ ನಮ್ಮದೊಂದೇ. ಅದು ಮಂದಿಗೆ ಗೊತ್ತಾಗದೆ ಇರುತ್ತದೆಯೇ. ದಿನ ತುಂಬಿದ ಬಸುರಿಯರನ್ನು ದುರಗವ್ವ ಹಿತ್ತಲ ಬಾಗಿಲಿನಿಂದ ಕರೆತರುತ್ತಾಳೆ. ಚಂದ್ರವ್ವನೂ ತನ್ನ ಸೊಸೆಯನ್ನು ತಂದಳು. ಒಳಗೆ ಬಂದಾಗ ನನ್ನ ಕೈ ಹಿಡಿದುಕೊಂಡಳು, ಮರುದಿನ ಬೀದಿಯಲ್ಲಿ ಕಂಡಾಗ ಉಗುಳಿ ಮುಖ ತಿರುಗಿಸಿದಳು. ಇರಲಿ. ಅವಳ ಸೊಸೆ ಮನೆ ಹಾರಿಹೋಗುವಂತೆ ಕೂಗಿ, ಗಂಡನಿಗೂ ಅತ್ತೆಗೂ ಬಾಯಿಗೆ ಬಂದಂತೆ ಬೈದು, ಹಡೆದು ಹೋದಳು.

ಅತ್ತೆ ಹೆರಿಗೆಯ ಹೊತ್ತಿನಲ್ಲಿ ಒಳಗೆ ಬರುವುದಿಲ್ಲ. ಕಟ್ಟೆಯ ಮೇಲೆ ಕೂತಿರುತ್ತಾಳೆ, ಚರ್ಮ ಸುಕ್ಕುಗಟ್ಟಿದ ಅಂಗೈಗಳನ್ನು ಮಡಿಲಲ್ಲಿಟ್ಟುಕೊಂಡು. ಒಳಗೆ ಕೂಗು ನಿಂತ ಮೇಲೆ ಎದ್ದು ಬಾಗಿಲಿಗೆ ಬರುತ್ತಾಳೆ. ಗಂಡೋ ಹೆಣ್ಣೋ ಎಂದು ಕೇಳುವುದಿಲ್ಲ.

"ಕೂಸು ಅತ್ತತೇನು?" ಅನ್ನುತ್ತಾಳೆ.

"ಹೂನ್ರಿ ಅತ್ತಿ. ಅತ್ತತಿ."

ತಾನೇ ಕೇಳಿಸಿಕೊಂಡಿರುತ್ತಾಳೆ, ಆದರೂ ಪ್ರತಿ ಸಲ ಕೇಳುತ್ತಾಳೆ. ಆಮೇಲೆ ಹೊಸ್ತಿಲು ಹಿಡಿದು ಸ್ವಲ್ಪ ಹೊತ್ತು ನಿಂತು, ಮತ್ತೆ ಹೋಗಿ ಕಟ್ಟೆಯ ಮೇಲೆ ಕೂರುತ್ತಾಳೆ.